ಕೋಟಿಗಟ್ಟಲೆ ಸುರಿದ ಆಕ್ಷನ್ ಚಿತ್ರಗಳಲ್ಲಿ ಕೆಲವು ಮಾತ್ರ ಮನಸ್ಸಿನಲ್ಲಿ ಉಳಿಯುವುದೇಕೆ?

ಬಾಲ್ಕನಿ ಪ್ರೇಕ್ಷಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಆಕ್ಷನ್ ಚಿತ್ರಗಳನ್ನು ಚಿಕ್ಕಂದಿನಿಂದಲೂ ಪ್ರೀತಿಯಿಂದ ನೋಡುತ್ತ ಬಂದವನು ನಾನು. ದೊಡ್ಡ ಪರದೆಗಾಗಿಯೇ ಹುಟ್ಟಿದ ಈ ಚಿತ್ರಗಳನ್ನು ಮೊಬೈಲಿನಲ್ಲಿ ನೋಡುವುದು ಅವುಗಳಿಗೆ ಮಾಡುವ ಅನ್ಯಾಯವೆಂದು ನಂಬಿ, ಈಗಲೂ ಸಾಧ್ಯವಾದಷ್ಟನ್ನು ಚಿತ್ರಮಂದಿರದಲ್ಲಿಯೇ ನೋಡುತ್ತೇನೆ. ಆದರೆ ಇತ್ತೀಚೆಗೆ ನೂರಾರು ಕೋಟಿ ರೂಪಾಯಿ ಸುರಿದು ಮಾಡಿದ ಹಲವು ಚಿತ್ರಗಳಲ್ಲಿ ಒಂದೇ ಅನುಭವ ಮರುಕಳಿಸುತ್ತಿದೆ. ಕಟ್ಟಡಗಳು ಕುಸಿಯುತ್ತವೆ, ಜೀಪುಗಳು ಮುಗಿಲೆತ್ತರಕ್ಕೆ ಹಾರುತ್ತವೆ, ನಾಯಕ ಒಬ್ಬನೇ ನೂರು ಮಂದಿಯನ್ನು ಉರುಳಿಸುತ್ತಾನೆ. ಇಷ್ಟೆಲ್ಲ ನಡೆಯುತ್ತಿರುವಾಗಲೂ ಇಂಟರ್‌ವಲ್ ಯಾವಾಗ ಬರುತ್ತದೋ ಎಂದು ಮನಸ್ಸು ಕಾಯುತ್ತಿರುತ್ತದೆ. ಹೊರಗೆ ಬಂದ ಮೇಲೆ ಯಾವ ಹೊಡೆದಾಟ ಎಲ್ಲಿ ನಡೆಯಿತು, ಏಕೆ ನಡೆಯಿತು ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಇನ್ನೊಂದೆಡೆ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಚಿತ್ರವಿದೆ. ಎರಡು ಗಂಟೆಯ ಆ ಚಿತ್ರದ ಬಹುಪಾಲು ಒಂದೇ ಬೆನ್ನಟ್ಟುವಿಕೆ, ಮಾತು ಬಹಳ ಕಡಿಮೆ. ಆದರೂ ಅದರ ಒಂದೊಂದು ಘಟ್ಟವೂ ನನಗೆ ಕ್ರಮವಾಗಿ ನೆನಪಿದೆ. ‘ಶೋಲೆ’ ಚಿತ್ರದ ರೈಲಿನ ದೃಶ್ಯವನ್ನು ಎಷ್ಟು ಸಲ ನೋಡಿದರೂ ಸಾಕೆನಿಸುವುದಿಲ್ಲ. ಗಳಿಕೆಯ ಲೆಕ್ಕವನ್ನು ನಾನು ಕೇಳುತ್ತಿಲ್ಲ. ದೊಡ್ಡ ಹಣ ಕೈಯಲ್ಲಿರುವಾಗ ಒಳ್ಳೆಯ ಆಕ್ಷನ್ ಚಿತ್ರ ಅದನ್ನು ಯಾವುದಕ್ಕೆ ಬಳಸುತ್ತದೆ, ಉಳಿದವು ಯಾವುದಕ್ಕೆ ಬಳಸದೆ ಸೋಲುತ್ತವೆ ಎಂಬುದನ್ನು ಬಲ್ಲವರು ವಿವರಿಸಬೇಕೆಂದು ವಿನಂತಿ. ಗ್ರಾಫಿಕ್ಸ್ ಹೆಚ್ಚಾದದ್ದೇ ಇದಕ್ಕೆಲ್ಲ ಕಾರಣವೆಂದು ನನ್ನ ಗೆಳೆಯರು ವಾದಿಸುತ್ತಾರೆ. ಅದು ಎಷ್ಟರ ಮಟ್ಟಿಗೆ ಸರಿ?

ಸಂಕಲನದ ಮೇಜು

ಹೊಡೆದಾಟದ ದೃಶ್ಯಗಳನ್ನು ಎಡಿಟ್ ಮಾಡುವ ಕೋಣೆಯಲ್ಲಿ ಕೆಲಸ ಮಾಡುವವನಾಗಿ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಪ್ರೇಕ್ಷಕನಿಗೆ ಜಾಗ ಗೊತ್ತಿರಬೇಕು. ಯಾರು ಎಲ್ಲಿದ್ದಾರೆ, ಬಾಗಿಲು ಯಾವ ಕಡೆಗಿದೆ, ಶತ್ರು ಎಷ್ಟು ದೂರದಲ್ಲಿದ್ದಾನೆ, ತಪ್ಪಿಸಿಕೊಳ್ಳುವ ದಾರಿ ಯಾವುದು ಎಂಬುದು ಗೊತ್ತಿದ್ದರೆ ಮಾತ್ರ ಅಪಾಯದ ಅರಿವಾಗುತ್ತದೆ. ಗೊತ್ತಿಲ್ಲದಿದ್ದರೆ ಪರದೆಯ ಮೇಲೆ ಉಳಿಯುವುದು ಗದ್ದಲ ಮಾತ್ರ.

1988ರ ‘ಡೈ ಹಾರ್ಡ್’ ಚಿತ್ರವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಿ. ಇಡೀ ಕಥೆ ಲಾಸ್ ಏಂಜಲೀಸ್‌ನ ಒಂದೇ ಗಗನಚುಂಬಿ ಕಟ್ಟಡದಲ್ಲಿ ನಡೆಯುತ್ತದೆ. ಅದು ಚಿತ್ರವನ್ನು ನಿರ್ಮಿಸಿದ ಫಾಕ್ಸ್ ಸಂಸ್ಥೆಯದೇ ಹೊಸ ಕಟ್ಟಡ, ಫಾಕ್ಸ್ ಪ್ಲಾಜಾ. ನಿರ್ದೇಶಕ ಜಾನ್ ಮೆಕ್‌ಟಿಯರ್ನನ್ ಗುಂಡಿನ ಸದ್ದು ಕೇಳಿಸುವ ಮೊದಲೇ ನಮ್ಮನ್ನು ಆ ಕಟ್ಟಡದ ಒಳಗೆ ಓಡಾಡಿಸಿರುತ್ತಾನೆ. ಇನ್ನೂ ಕೆಲಸ ಮುಗಿಯದ ಮಹಡಿಯ ಗೋಡೆಯ ಮೇಲೆ ಒಂದು ಹೆಣ್ಣಿನ ಚಿತ್ರ ಅಂಟಿಸಲಾಗಿದೆ. ನಾಯಕ ಓಡುವಾಗ ಅದನ್ನು ಗಮನಿಸುತ್ತಾನೆ, ಮುಂದೆ ಮತ್ತೆ ಆ ದಾರಿಯಲ್ಲಿ ಬಂದಾಗ ಅದೇ ಚಿತ್ರ ಎದುರಾಗುತ್ತದೆ, ಮತ್ತು ನಾವು ಎಲ್ಲಿದ್ದೇವೆಂಬುದು ಒಂದು ಮಾತಿಲ್ಲದೆ ತಿಳಿಯುತ್ತದೆ. ಅವನ ಬರಿಗಾಲಿನ ವಿಷಯವೂ ಹೀಗೆಯೇ. ವಿಮಾನದಲ್ಲಿ ಪಕ್ಕದ ಪ್ರಯಾಣಿಕ ಕೊಟ್ಟ ಸಲಹೆಯಂತೆ ಬೂಟು ಬಿಚ್ಚಿ ಕಂಬಳಿಯ ಮೇಲೆ ಕಾಲೂರಿ ನಿಂತಿರುವಾಗಲೇ ದಾಳಿ ಆರಂಭವಾಗುತ್ತದೆ. ಆ ಕಾಲುಗಳನ್ನು ಕಂಡ ಖಳನಾಯಕ ಗಾಜುಗಳಿಗೆ ಗುಂಡು ಹಾರಿಸಲು ಹೇಳುವಾಗ ನಮ್ಮ ಪಾದಗಳೇ ಮುದುಡುತ್ತವೆ. ಕಟ್ಟಡದ ನೆತ್ತಿಯಲ್ಲಿ ನಡೆಯುವ ಸ್ಫೋಟಕ್ಕಿಂತ ಆ ಗಾಜಿನ ಚೂರುಗಳು ಹೆಚ್ಚು ಕಾಲ ನೆನಪಿನಲ್ಲಿರುವುದು ಇದೇ ಕಾರಣಕ್ಕೆ.

ನೀವು ಹೆಸರಿಸಿದ ‘ಫ್ಯೂರಿ ರೋಡ್’ ಇನ್ನೂ ಕಠಿಣವಾದ ಉದಾಹರಣೆ, ಏಕೆಂದರೆ ಅಲ್ಲಿ ಗೋಡೆಗಳಿಲ್ಲ. ಇರುವುದು ನಮೀಬಿಯಾದ ಮರುಭೂಮಿ ಮತ್ತು ಓಡುತ್ತಿರುವ ವಾಹನಗಳು. ಚಿತ್ರದಲ್ಲಿ ಸುಮಾರು 2,700 ಕಟ್‌ಗಳಿವೆ (ಒಂದು ಶಾಟ್‌ನಿಂದ ಇನ್ನೊಂದಕ್ಕೆ ಜಿಗಿಯುವುದೇ ಕಟ್), ಅಂದರೆ ಸರಾಸರಿ ಎರಡೂವರೆ ಸೆಕೆಂಡಿಗೊಂದು. ಇಷ್ಟು ವೇಗದಲ್ಲಿ ಕತ್ತರಿಸಿದ ಎಷ್ಟೋ ಚಿತ್ರಗಳು ಕಣ್ಣಿಗೆ ಹಿಂಸೆಯಾಗುತ್ತವೆ. ಇಲ್ಲಿ ಹಾಗಾಗದಿರಲು ನಿರ್ದೇಶಕ ಜಾರ್ಜ್ ಮಿಲ್ಲರ್ ಮತ್ತು ಛಾಯಾಗ್ರಾಹಕ ಜಾನ್ ಸೀಲ್ ಮಾಡಿಕೊಂಡ ಒಂದು ಕಟ್ಟುನಿಟ್ಟಿನ ನಿಯಮ ಕಾರಣ: ಪ್ರತಿ ಶಾಟ್‌ನಲ್ಲಿಯೂ ನೋಡಬೇಕಾದ ವಸ್ತು ಚೌಕಟ್ಟಿನ ನಡುವಿನಲ್ಲಿಯೇ ಇರಬೇಕು. ಶಾಟ್ ಬದಲಾದಾಗ ಕಣ್ಣು ಎಡಕ್ಕೂ ಬಲಕ್ಕೂ ಹುಡುಕಾಡಬೇಕಾಗಿಲ್ಲ, ನೆಟ್ಟಲ್ಲಿಯೇ ನೆಟ್ಟಿರಬಹುದು. ಚಿತ್ರೀಕರಿಸಿ ತಂದ ಸುಮಾರು 480 ಗಂಟೆಗಳ ದೃಶ್ಯಗಳನ್ನು ಎರಡು ಗಂಟೆಗೆ ಇಳಿಸಿದವರು ಮಾರ್ಗರೆಟ್ ಸಿಕ್ಸೆಲ್. ಅದಕ್ಕೆ ಮುಂಚೆ ಅವರು ಆಕ್ಷನ್ ಚಿತ್ರವನ್ನು ಎಡಿಟ್ ಮಾಡಿದವರಲ್ಲ. ಆ ಕೆಲಸಕ್ಕೆ ಅವರಿಗೆ ಆಸ್ಕರ್ ಬಂತು. ನನ್ನ ವೃತ್ತಿಯವರೆಲ್ಲರೂ ಮೇಜಿನ ಮುಂದೆ ಕುಳಿತು ಒಂದೊಂದೇ ಶಾಟ್ ನಿಲ್ಲಿಸಿ ಕಲಿಯಬೇಕಾದ ಚಿತ್ರ ಅದು.

ಕ್ಯಾಮೆರಾವನ್ನು ಬೇಕೆಂದೇ ಅಲುಗಾಡಿಸಿ, ಪೆಟ್ಟು ಬೀಳುವ ಕ್ಷಣದಲ್ಲಿ ಕತ್ತರಿಸಿ, ನಟರಿಗೆ ಹೊಡೆದಾಟ ಬರುವುದಿಲ್ಲವೆಂಬುದನ್ನು ಮರೆಮಾಡುವ ಅಭ್ಯಾಸವೊಂದು ಈಗ ಎಲ್ಲೆಡೆ ಇದೆ. ನಟರಿಗೆ ಮೂರು ತಿಂಗಳು ತರಬೇತಿ ಕೊಡಲು ಹಣವಿದ್ದೂ ಕೊಡದೆ, ಆ ಹೊರೆಯನ್ನು ಎಡಿಟರ್‌ನ ಹೆಗಲಿಗೆ ಹಾಕುವುದನ್ನು ನಾನು ಒಪ್ಪಲಾರೆ.

ರಾಮನಗರದವ

‘ಶೋಲೆ’ಯ ಪ್ರಸ್ತಾಪ ಬಂದುದರಿಂದ ನಮ್ಮೂರಿನ ಪರವಾಗಿಯೂ ಎರಡು ಮಾತು ಹೇಳಬೇಕೆನಿಸಿತು. 1973ರಲ್ಲಿ ಆರಂಭವಾಗಿ 1975ರ ಆಗಸ್ಟ್ 15ರಂದು ತೆರೆಕಂಡ ಆ ಚಿತ್ರದ ರಾಮಗಢ ಇಲ್ಲಿಯ ರಾಮದೇವರ ಬೆಟ್ಟದ ಬುಡದಲ್ಲಿ ಕಟ್ಟಿದ ಊರು. ಉತ್ತರ ಭಾರತದ ಡಕಾಯಿತರ ಕಥೆಗಳು ಚಂಬಲ್ ಕಣಿವೆಯಲ್ಲಿ ನಡೆಯುವುದು ಆಗಿನ ರೂಢಿ. ನಿರ್ದೇಶಕ ರಮೇಶ್ ಸಿಪ್ಪಿ ಅದನ್ನು ಬಿಟ್ಟು, ಬೆಂಗಳೂರು–ಮೈಸೂರು ರಸ್ತೆಯ ಪಕ್ಕದ ಈ ಬೋಳು ಬಂಡೆಗಳನ್ನು ಆರಿಸಿಕೊಂಡರು. ಬಂಡೆಯ ಮೇಲೆ ನಿಂತವನಿಗೆ ಕೆಳಗಿನ ಊರೆಲ್ಲ ಕಾಣುತ್ತದೆ, ಊರಿನವನಿಗೆ ಬಂಡೆಯ ಹಿಂದೆ ಯಾರಿದ್ದಾರೆಂದು ಕಾಣುವುದಿಲ್ಲ. ಮೇಲಿನವರು ಹೇಳಿದ ಜಾಗದ ಮಾತಿಗೆ ಇದನ್ನೂ ಸೇರಿಸಿಕೊಳ್ಳಬಹುದು.

ನಾನು ಹೇಳಬೇಕಾದದ್ದು ಬೇರೆ: ದೊಡ್ಡ ಹಣ ಕೊಂಡುಕೊಳ್ಳಬೇಕಾದ ಮೊದಲ ವಸ್ತು ಸಮಯ. ರೈಲಿನ ದೃಶ್ಯವೊಂದನ್ನೇ ಮುಂಬಯಿ–ಪುಣೆ ಮಾರ್ಗದಲ್ಲಿ ಪನ್ವೇಲ್ ಬಳಿ ಸುಮಾರು ಏಳು ವಾರ ಚಿತ್ರಿಸಿದರು. ಸಾಹಸ ದೃಶ್ಯಗಳಿಗಾಗಿ ಬ್ರಿಟನ್ನಿನಿಂದ ತಂತ್ರಜ್ಞರನ್ನು ಕರೆಸಿದರು. ಸಂಜೆ ದೀಪ ಹಚ್ಚುವ, ಹೊಡೆದಾಟದ ಸುಳಿವೇ ಇಲ್ಲದ ಸಣ್ಣ ದೃಶ್ಯಕ್ಕೂ ಸೂರ್ಯ ಮುಳುಗುವ ಹೊತ್ತಿನ ಸರಿಯಾದ ಬೆಳಕಿಗಾಗಿ ಹಲವು ದಿನ ಕಾದರು. ಇಂದು ನಿರ್ಮಾಪಕರು ಇಂತಹ ಕಾಯುವಿಕೆಯನ್ನು ನಷ್ಟವೆಂದು ಬರೆದುಕೊಳ್ಳುತ್ತಾರೆ. ಐವತ್ತು ವರ್ಷಗಳ ನಂತರವೂ ಆ ದೃಶ್ಯ ಹಳತಾಗದಿರುವುದು ಆ ಕಾಯುವಿಕೆಯಿಂದಲೇ.

ಹೋಳಿಯ ದಿನದ ದಾಳಿಯನ್ನು ನೆನಪಿಸಿಕೊಳ್ಳಿ. ಡಕಾಯಿತರ ನಾಯಕ ಗಬ್ಬರ್‌ನ ಎದುರು ಕಥೆಯ ನಾಯಕರಾದ ಇಬ್ಬರು ಗೆಳೆಯರೂ ಸಿಕ್ಕಿಬಿದ್ದಿದ್ದಾರೆ, ಬಂದೂಕು ಅವರನ್ನು ಊರಿಗೆ ಕರೆಸಿದ ಠಾಕೂರನ ಕಾಲ ಬಳಿಯೇ ಬಿದ್ದಿದೆ, ಅವನು ಶಾಲು ಹೊದ್ದು ನಿಂತಲ್ಲಿಯೇ ನಿಂತಿದ್ದಾನೆ, ಎತ್ತಿಕೊಡುವುದಿಲ್ಲ. ದಾಳಿ ಮುಗಿದ ಮೇಲೆ ಗೆಳೆಯರು ಸಿಟ್ಟಿನಿಂದ ಊರು ಬಿಟ್ಟು ಹೊರಡಲು ಸಿದ್ಧರಾದಾಗ ಮಾತ್ರ ಅವನ ಕಥೆ ತೆರೆದುಕೊಳ್ಳುತ್ತದೆ, ಗಾಳಿಗೆ ಶಾಲು ಹಾರಿಹೋಗುತ್ತದೆ, ಕೈಗಳಿಲ್ಲದ ಹೆಗಲು ಕಾಣುತ್ತದೆ. ಗುಂಡಿನ ಕಾಳಗದ ನಡುವೆ ಇಟ್ಟ ಒಂದು ಪ್ರಶ್ನೆ, ಅದಕ್ಕೆ ಉತ್ತರವಾಗಿ ಬರುವ ಒಂದು ದುಃಖ: ಇವೆರಡೂ ಸೇರಿ ಆ ಕಾಳಗಕ್ಕೆ ತೂಕ ಬಂದಿದೆ. ಹೊಡೆದಾಟ ಮುಗಿದ ಮೇಲೆ ಕಥೆ ಮುಂದುವರಿಯುವ ಚಿತ್ರಗಳಿಗಿಂತ, ಹೊಡೆದಾಟದ ಒಳಗೇ ಕಥೆ ಮುಂದೆ ಸಾಗುವ ಚಿತ್ರಗಳು ಯಾವಾಗಲೂ ಮೇಲು.

ಬಸಂತಿಯ ಟಾಂಗಾವನ್ನು ಡಕಾಯಿತರು ಬೆನ್ನಟ್ಟುವ ದೃಶ್ಯದಲ್ಲಿ ಪಂಡಿತ್ ಸಾಮತಾ ಪ್ರಸಾದ್ ಅವರ ತಬಲಾ ಕುದುರೆಯ ಗೊರಸಿನೊಂದಿಗೆ ಓಡುವುದನ್ನು ಒಳ್ಳೆಯ ಸ್ಪೀಕರ್ ಇರುವ ಕಡೆ ಕೇಳಿ ಎಂದಷ್ಟೇ ಹೇಳಿ ನಿಲ್ಲಿಸುತ್ತೇನೆ.

ಚಿನ್ನದ ನಾಡು

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತೇನೆ. ಆದರೆ ನಾಯಕನಿಗೆ ಪೆಟ್ಟಾಗಬೇಕು, ಅವನ ಕಾಲಿಗೆ ಗಾಜು ಚುಚ್ಚಬೇಕು, ಆಗಲೇ ಚಿತ್ರ ಗೆಲ್ಲುತ್ತದೆ ಎಂಬ ಅರ್ಥ ಬಂದರೆ ಅದಕ್ಕೆ ನನ್ನ ಆಕ್ಷೇಪವಿದೆ. ನಮ್ಮಲ್ಲಿ ನಾಯಕ ಸೋಲುವುದಿಲ್ಲವೆಂದು ತಿಳಿದೇ ನಾವು ಟಿಕೆಟ್ ಕೊಳ್ಳುತ್ತೇವೆ. ಬಯಲಾಟದಲ್ಲಿ ಭೀಮ ಗೆಲ್ಲುತ್ತಾನೆಂದು ಗೊತ್ತಿದ್ದೇ ಜನ ಬೆಳಗಿನ ಜಾವದವರೆಗೆ ಕುಳಿತು ನೋಡುತ್ತಿದ್ದರು. ಅವರು ಕಾಯುತ್ತಿದ್ದುದು ಅವನು ಯಾವಾಗ ಎದ್ದು ನಿಲ್ಲುತ್ತಾನೆ ಎಂಬುದಕ್ಕೆ.

2018ರ ‘ಕೆಜಿಎಫ್’ ಮೊದಲ ಭಾಗದ ಉತ್ತರಾರ್ಧ ಈ ಕಾಯಿಸುವ ಕಲೆಯ ಮೇಲೆಯೇ ನಿಂತಿದೆ. ಅಲ್ಲಿಯವರೆಗೆ ಎದುರಾದವರನ್ನೆಲ್ಲ ಹೊಡೆದುರುಳಿಸಿದ ರಾಕಿ ನಾರಾಚಿಯ ಗಣಿಯೊಳಗೆ ಹೋದ ಮೇಲೆ ಕೂಲಿಯಾಳುಗಳಲ್ಲಿ ಒಬ್ಬನಾಗಿ, ತಲೆ ತಗ್ಗಿಸಿ, ಮಾತಿಲ್ಲದೆ ಎಲ್ಲವನ್ನೂ ಗಮನಿಸುತ್ತಾನೆ. ಕಣ್ಣೆದುರೇ ಕ್ರೌರ್ಯ ನಡೆದಾಗಲೂ ಕೈಯೆತ್ತುವುದಿಲ್ಲ. ಚಿತ್ರಮಂದಿರದಲ್ಲಿ ಕುಳಿತವರಿಗೆ ಅದು ಸಹಿಸಲಾಗದಷ್ಟಾಗುತ್ತದೆ. ಕೊನೆಗೆ ಕಣ್ಣು ಕಾಣದ ಮುದುಕನೊಬ್ಬನ ಸರದಿ ಬಂದಾಗ ಅವನು ತಿರುಗಿ ನಿಲ್ಲುತ್ತಾನೆ. ಆ ಹೊಡೆದಾಟದಲ್ಲಿ ಅವನು ಗೆಲ್ಲುವನೋ ಇಲ್ಲವೋ ಎಂಬ ಅನುಮಾನ ಯಾರಿಗೂ ಇರಲಿಲ್ಲ. ಆದರೂ ಸೀಟಿನ ಮೇಲೆ ಕುಳಿತಿದ್ದವರು ಎದ್ದು ನಿಂತರು. ನಾಯಕನ ದೇಹಕ್ಕೆ ಅಪಾಯವಿಲ್ಲದಿದ್ದರೆ ಬೇರೆಯವರ ದೇಹಕ್ಕಾದರೂ ಇರಬೇಕು, ಮತ್ತು ಆ ಬೇರೆಯವರು ನಮಗೆ ಮುಖ್ಯರಾಗಿರಬೇಕು. ಪ್ರಶ್ನೆ ಕೇಳಿದವರನ್ನು ದಣಿಸಿದ ಚಿತ್ರಗಳಲ್ಲಿ ಇದೇ ತಪ್ಪಿರಬಹುದೆಂದು ನನ್ನ ಊಹೆ. ಅವುಗಳಲ್ಲಿ ಜನಸಾಮಾನ್ಯರು ಹಿನ್ನೆಲೆಯಲ್ಲಿ ಓಡಲು ಮಾತ್ರ ಇರುತ್ತಾರೆ.

ನಮ್ಮ ಭಾಗದವನಾಗಿ ಇನ್ನೊಂದು ಮಾತು. ಆ ಚಿತ್ರದ ದೃಶ್ಯಗಳನ್ನು ಕೋಲಾರ ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ಮೇಲೆ ಸೆಟ್ ಹಾಕಿ ತೆಗೆದರು. ಅದಿರಿನಿಂದ ಚಿನ್ನ ತೆಗೆದ ಮೇಲೆ ಹೊರಗೆ ಸುರಿದ ಪುಡಿಮಣ್ಣು ದಶಕಗಳ ಕಾಲ ಬೆಳೆದು ಆದ ದಿಬ್ಬಗಳವು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಗಾಳಿ ಬೀಸಿದಾಗ ಆ ಧೂಳು ಮನೆಯ ಪಾತ್ರೆಗಳ ಮೇಲೆ ಕೂರುವುದನ್ನು ಇಲ್ಲಿಯವರೆಲ್ಲ ಬಲ್ಲರು. ಪರದೆಯ ಮೇಲಿನ ಧೂಳಿಗೆ ಇರುವ ಭಾರ ನಿಜವಾದ ನೆಲದ್ದು. ಸಾಹಸ ನಿರ್ದೇಶನಕ್ಕೂ ಸ್ಪೆಷಲ್ ಎಫೆಕ್ಟ್ಸ್‌ಗೂ ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ನಮಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಇನ್ನು, ಕಾಳಗದಲ್ಲಿ ಎಷ್ಟು ಮಂದಿ ಸತ್ತರು, ಎಷ್ಟು ಮಂದಿ ಉಳಿದರು ಎಂಬ ಲೆಕ್ಕ ಪ್ರೇಕ್ಷಕನಿಗೆ ಸ್ಪಷ್ಟವಾಗಿರುವುದು ಎಷ್ಟು ಮುಖ್ಯವೆಂಬುದಕ್ಕೆ ಅಕಿರ ಕುರೊಸಾವಾ ಅವರ ‘ಸೆವೆನ್ ಸಮುರಾಯ್’ ನೋಡಿ. 1954ರ ಆ ಚಿತ್ರ ಆ ಕಾಲದ ಜಪಾನಿನಲ್ಲಿ ಭಾರೀ ವೆಚ್ಚದ್ದು. ಊರಿನ ಮೇಲೆ ಬರಲಿರುವ ಡಕಾಯಿತರು ನಲವತ್ತು ಮಂದಿ, ಅವರ ಬಳಿ ಮೂರು ಬಂದೂಕುಗಳಿವೆ. ಹಿರಿಯ ಸಮುರಾಯ್ ಹಾಳೆಯ ಮೇಲೆ ಒಬ್ಬೊಬ್ಬನಿಗೆ ಒಂದೊಂದು ವೃತ್ತ ಬರೆದು, ಸತ್ತವರ ವೃತ್ತವನ್ನು ಹೊಡೆದು ಹಾಕುತ್ತ ಹೋಗುತ್ತಾನೆ. ಮೂರು ಗಂಟೆ ಮೀರಿದ ಚಿತ್ರದ ಕೊನೆಯ ಮಳೆಯ ಕಾಳಗದಲ್ಲಿ, ಕೆಸರಿನಲ್ಲಿ ಕುದುರೆ ಮನುಷ್ಯರೆಲ್ಲ ಕಲಸಿಹೋಗಿದ್ದರೂ, ಇನ್ನೆಷ್ಟು ಮಂದಿ ಉಳಿದಿದ್ದಾರೆಂಬ ಲೆಕ್ಕ ನಮ್ಮಲ್ಲಿರುತ್ತದೆ. ನಾಲ್ವರು ಸಮುರಾಯ್‌ಗಳು ಸಾಯುತ್ತಾರೆ, ನಾಲ್ವರೂ ಗುಂಡಿಗೆ ಬಲಿಯಾದವರೇ. ಕತ್ತಿಯಿಂದ ಅವರನ್ನು ಸೋಲಿಸಿದವರು ಯಾರೂ ಇಲ್ಲ. ಇಷ್ಟು ದೊಡ್ಡ ವಿಷಾದವನ್ನು ಹೊಡೆದಾಟದ ಮೂಲಕವೇ ಹೇಳಿದ ಚಿತ್ರಗಳು ವಿರಳ. ಕುರೊಸಾವಾ ಅವರ ಪ್ರಭಾವದಲ್ಲಿ ಗಿರೀಶ ಕಾರ್ನಾಡರು 1978ರಲ್ಲಿ ಶಂಕರ್ ನಾಗ್ ಅವರನ್ನು ಇಟ್ಟುಕೊಂಡು ಮಾಡಿದ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಕೈಯಲ್ಲಿ ದೊಡ್ಡ ಹಣವಿರಲಿಲ್ಲ. ಅದರ ಕತ್ತಿವರಸೆಯ ದೃಶ್ಯಗಳನ್ನು ಕನ್ನಡದ ಯುವ ನಿರ್ದೇಶಕರು ಹಣ ಹುಡುಕುವ ಮೊದಲು ಒಮ್ಮೆ ನೋಡಬೇಕು.

ಧ್ವನಿ ವಿಭಾಗ

ಯಾರೂ ಶಬ್ದದ ಬಗ್ಗೆ ಬಿಡಿಸಿ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಪ್ರಶ್ನೆ ಕೇಳಿದವರು ಹೇಳುವ ದಣಿವು ಬಹುಮಟ್ಟಿಗೆ ಕಿವಿಯ ದಣಿವು. ಎಲ್ಲವೂ ಜೋರಾಗಿದ್ದರೆ ಯಾವುದೂ ಜೋರಾಗಿ ಕೇಳಿಸುವುದಿಲ್ಲ. ‘ಶೋಲೆ’ಯಲ್ಲಿ ಠಾಕೂರನ ಕುಟುಂಬವನ್ನು ಕೊಲ್ಲುವ ದೃಶ್ಯದಲ್ಲಿ ಉಯ್ಯಾಲೆಯ ಕಿರುಗುಟ್ಟುವಿಕೆ ಗುಂಡಿಗಿಂತ ಹೆಚ್ಚು ಹೆದರಿಸುತ್ತದೆ, ಏಕೆಂದರೆ ಅದಕ್ಕೆ ಸುತ್ತಲೂ ಮೌನ ಬಿಟ್ಟುಕೊಡಲಾಗಿದೆ.

ಚಿತ್ರಮಂದಿರದ ಧ್ವನಿ ವ್ಯವಸ್ಥೆಯಾದ ಡಾಲ್ಬಿ ಯಂತ್ರದಲ್ಲಿ ಫೇಡರ್, ಅಂದರೆ ಶಬ್ದವನ್ನು ಏರಿಸಿ ಇಳಿಸುವ ಗುಂಡಿ, 7ರಲ್ಲಿ ಇರಬೇಕೆಂಬುದು ನಿಗದಿತ ಮಟ್ಟ. ಮಾತು, ಸಂಗೀತ, ಸದ್ದುಗಳನ್ನು ಬೆರೆಸುವ ಮಿಕ್ಸಿಂಗ್ ಕೋಣೆಯಲ್ಲಿ ನಾವು ಚಿತ್ರವನ್ನು ಸಿದ್ಧಪಡಿಸುವುದೂ ಆ ಮಟ್ಟಕ್ಕೇ. ನಿರ್ದೇಶಕರು ಪ್ರತಿ ಪೆಟ್ಟೂ ಇನ್ನಷ್ಟು ಗುಡುಗಬೇಕೆಂದು ಒತ್ತಾಯಿಸುತ್ತಾರೆ, ಹಿನ್ನೆಲೆ ಸಂಗೀತವೂ ಅದೇ ಎತ್ತರಕ್ಕೆ ಏರುತ್ತದೆ. ಪ್ರೇಕ್ಷಕರು ದೂರಿದಾಗ ಚಿತ್ರಮಂದಿರದವರು ಫೇಡರನ್ನು 5ಕ್ಕೆ ಇಳಿಸುತ್ತಾರೆ. ಆಗ ಗದ್ದಲವೇನೋ ತಗ್ಗುತ್ತದೆ, ಜೊತೆಗೆ ಪಿಸುಮಾತು, ಉಸಿರು, ದೂರದ ಹೆಜ್ಜೆಯ ಸದ್ದುಗಳೆಲ್ಲ ಅಳಿಸಿಹೋಗುತ್ತವೆ. ಹೊಡೆದಾಟಕ್ಕೆ ಮುಂಚಿನ ಆತಂಕವನ್ನು ಕಟ್ಟುವುದು ಈ ಸಣ್ಣ ಸದ್ದುಗಳೇ. ‘ಫ್ಯೂರಿ ರೋಡ್’ಗೆ ಬಂದ ಆರು ಆಸ್ಕರ್‌ಗಳಲ್ಲಿ ಎರಡು ಶಬ್ದ ವಿಭಾಗದವು, ಮರಳಿನ ಬಿರುಗಾಳಿಯ ಅಬ್ಬರ ಮುಗಿದು ಎಲ್ಲವೂ ಸ್ತಬ್ಧವಾಗುವ ಘಟ್ಟವನ್ನು ಗಮನಿಸಿ ಕೇಳಿದರೆ ಅವು ಏಕೆ ಬಂದವೆಂದು ತಿಳಿಯುತ್ತದೆ.

ಬಾಲ್ಕನಿ ಪ್ರೇಕ್ಷಕ

ನಿಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಿವಿಯ ದಣಿವಿನ ಮಾತು ನನಗೆ ಹೊಸದು. ಗ್ರಾಫಿಕ್ಸ್ ಕುರಿತ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ನಿಜವಾದ ಸಾಹಸವೇ ಮೇಲು ಎಂಬ ಮಾತನ್ನು ಎಲ್ಲೆಲ್ಲೂ ಕೇಳುತ್ತೇವೆ. ಅದನ್ನು ಹಾಗೆಯೇ ಒಪ್ಪಬಹುದೇ?

ಸೆಟ್ ಕೆಲಸಗಾರ

ಗ್ರಾಫಿಕ್ಸ್ ತಪ್ಪಿತಸ್ಥನಲ್ಲ. ನಿಜವಾದ ಸಾಹಸಕ್ಕೆ ಹೆಸರಾದ ‘ಫ್ಯೂರಿ ರೋಡ್’ನಲ್ಲಿಯೂ ಸುಮಾರು 2,000 ಗ್ರಾಫಿಕ್ಸ್ ಶಾಟ್‌ಗಳಿವೆ. ಓಡುವ ವಾಹನಗಳ ಮೇಲೆ ಉದ್ದನೆಯ ಕಂಬಗಳ ತುದಿಯಲ್ಲಿ ತೂಗಾಡುವವರು ನಿಜವಾದ ಮನುಷ್ಯರು. ಅವರನ್ನು ಹಿಡಿದಿದ್ದ ಸುರಕ್ಷತೆಯ ತಂತಿಗಳನ್ನು ಕಂಪ್ಯೂಟರ್ ಅಳಿಸಿದೆ. 1991ರ ‘ಟರ್ಮಿನೇಟರ್ 2’ ತನ್ನ ಕಾಲದ ಅತ್ಯಂತ ದುಬಾರಿ ಚಿತ್ರವಾಗಿದ್ದರೂ ಅದರಲ್ಲಿ ಕಂಪ್ಯೂಟರಿನಿಂದ ಮೂಡಿದ ದೃಶ್ಯಗಳು ಸುಮಾರು ಐದು ನಿಮಿಷ ಮಾತ್ರ. ಖಳನಾಯಕನಾದ ದ್ರವಲೋಹದ ಮನುಷ್ಯ ಕಂಬಿಗಳ ನಡುವಿನಿಂದ ತೂರಿ ಬರುವಂತಹ, ಬೇರೆ ಯಾವ ದಾರಿಯಿಂದಲೂ ಸಾಧ್ಯವಾಗದ ಕಡೆ ಮಾತ್ರ ಅದನ್ನು ಬಳಸಿದರು. ಹೆಲಿಕಾಪ್ಟರ್ ಮೇಲ್ಸೇತುವೆಯ ಕೆಳಗೆ ಹಾರಿದ್ದು ನಿಜವಾಗಿಯೇ. ಯಾವುದು ಯಾವುದರಿಂದ ಆಗಬೇಕೆಂದು ಚಿತ್ರೀಕರಣಕ್ಕೆ ಮುಂಚೆ ನಿರ್ಧರಿಸುವ ತಂಡದ ಕೈಯಲ್ಲಿ ಎರಡೂ ಚೆನ್ನಾಗಿ ಮೂಡುತ್ತವೆ. ಬಿಡುಗಡೆಯ ದಿನಾಂಕವನ್ನು ಮೊದಲೇ ಘೋಷಿಸಿ, ಕ್ಲೈಮ್ಯಾಕ್ಸನ್ನು ಕೊನೆಯ ತಿಂಗಳಲ್ಲಿ ಬದಲಿಸಿ, ಹಗಲು ರಾತ್ರಿ ಕುಳಿತ ಹುಡುಗರಿಂದ ಅವಸರದಲ್ಲಿ ಮಾಡಿಸಿದ ಗ್ರಾಫಿಕ್ಸ್ ಕಳಪೆಯಾಗಿ ಕಂಡರೆ ದೋಷ ಆ ಹುಡುಗರದಲ್ಲ.

ನಿಜವಾದ ಸಾಹಸವೂ ಸಿದ್ಧತೆಯ ಫಲವೇ. 2018ರ ‘ಮಿಷನ್: ಇಂಪಾಸಿಬಲ್ – ಫಾಲ್‌ಔಟ್’ ಚಿತ್ರಕ್ಕಾಗಿ ಟಾಮ್ ಕ್ರೂಸ್ ಅಭ್ಯಾಸವೂ ಸೇರಿ ನೂರಕ್ಕೂ ಹೆಚ್ಚು ಬಾರಿ ವಿಮಾನದಿಂದ ಜಿಗಿದರು. ಮುಸ್ಸಂಜೆಯ ಬೆಳಕು ಬೇಕಾಗಿದ್ದುದರಿಂದ ದಿನಕ್ಕೆ ಒಂದು ಟೇಕ್ ಮಾತ್ರ ಸಾಧ್ಯವಿತ್ತು. ಅಷ್ಟು ದಿನ ಕಾಯಲು ಸಾಧ್ಯವಾದದ್ದು ಹಣವಿದ್ದುದರಿಂದ, ಮತ್ತು ಆ ಹಣವನ್ನು ಅದಕ್ಕೆಂದೇ ಮೀಸಲಿಟ್ಟಿದ್ದರಿಂದ.

ಆದ್ದರಿಂದಲೇ ‘ನಿಜವಾಗಿ ಮಾಡಿದ್ದಾರೆ’ ಎಂಬ ಹೊಗಳಿಕೆಯನ್ನು ನಾನು ಎಚ್ಚರದಿಂದ ಕೇಳುತ್ತೇನೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕನ್ನಡ ಚಿತ್ರವೊಂದರ ಕ್ಲೈಮ್ಯಾಕ್ಸ್‌ಗಾಗಿ ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದ ಇಬ್ಬರು ನಟರು ಮುಳುಗಿ ತೀರಿಕೊಂಡರು. ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ನಮ್ಮಂತೆ ಸೆಟ್‌ನಲ್ಲಿ ದುಡಿಯುವವರು ಅದನ್ನು ಮರೆತಿಲ್ಲ. ಒಳ್ಳೆಯ ಆಕ್ಷನ್ ಚಿತ್ರದ ಬಜೆಟ್‌ನಲ್ಲಿ ರಕ್ಷಣಾ ದೋಣಿ, ಮುಳುಗುಗಾರರು, ಆಂಬ್ಯುಲೆನ್ಸ್, ವಿಮೆ, ರಿಹರ್ಸಲ್ ದಿನಗಳ ಸಂಬಳ ಇವೆಲ್ಲ ನಾಯಕನ ಸಂಭಾವನೆಗಿಂತ ಮೊದಲು ಬರೆಯಬೇಕಾದ ಸಾಲುಗಳು. ಸಾಹಸ ನಿರ್ದೇಶನಕ್ಕೆ ನಮ್ಮ ರಾಷ್ಟ್ರಪ್ರಶಸ್ತಿ ಆರಂಭವಾದದ್ದು 2016ರ ಚಿತ್ರಗಳಿಂದ. ಸಾಹಸ ವಿನ್ಯಾಸಕ್ಕೆ ಆಸ್ಕರ್ ಸಿಗಲಿರುವುದು 2027ರಲ್ಲಿ ತೆರೆಕಾಣುವ ಚಿತ್ರಗಳಿಂದ. ಇಷ್ಟು ಕಾಲ ಹೆಸರಿಲ್ಲದೆ ಬಿದ್ದು ಎದ್ದವರ ಕೆಲಸವನ್ನು ಈಗಲಾದರೂ ಕಲೆಯೆಂದು ಎಣಿಸುತ್ತಿರುವುದು ಸರಿಯಾದ ಹೆಜ್ಜೆ. ಇದರ ಜೊತೆಗೆ, ನೀರಿನ, ಬೆಂಕಿಯ, ಎತ್ತರದ ದೃಶ್ಯಗಳಿರುವ ಪ್ರತಿ ಸೆಟ್‌ನಲ್ಲಿಯೂ ಚಿತ್ರೀಕರಣವನ್ನು ತಡೆಯುವ ಪೂರ್ಣ ಅಧಿಕಾರವುಳ್ಳ ಒಬ್ಬ ಸುರಕ್ಷತಾ ಅಧಿಕಾರಿ ಇರಬೇಕು. ಅವರು ಬೇಡವೆಂದರೆ ನಿರ್ದೇಶಕರೂ ನಾಯಕರೂ ಆ ಶಾಟ್ ಬಿಡಬೇಕು.